ಅರ್ಧ ಬಣ್ಣದ ತಲೆ

"ತಲೆ ಅಲ್ಲಾಡಿಸ್ಬೇಡ ಕಣೇ, ಕಿವಿಗೆ ಮೆತ್ಕೊಳ್ಳುತ್ತೆ," ಎಂದು ಗಿಲ್ಡಾ ಬಾಚಣಿಗೆಯ ತುದಿಯಿಂದ ಇಡಾಳ ಕೂದಲನ್ನು ಇನ್ನೊಂದು ಗೆರೆ ಸೀಳಿ, ಕುಂಚ ಅದ್ದಿ ಬುಡಕ್ಕೆ ಕಂದು ಬಣ್ಣ ಎಳೆದಳು. ಇಡಾ ತಲೆ ಅಲ್ಲಾಡಿಸುವುದನ್ನು ನಿಲ್ಲಿಸಲಿಲ್ಲ. ಗೋಡೆಯ ಮೇಲಿನ ಟೀವಿಯಲ್ಲಿ ಬೆಳಗಿನಿಂದ ತೋರಿಸಿದ್ದನ್ನೇ ಮತ್ತೆ ತೋರಿಸುತ್ತಿದ್ದರು. ಸೂಟು ತೊಟ್ಟ ಒಬ್ಬ ಎರಡು ಕೈಯಲ್ಲಿ ಎರಡು ಚೆಂಡು ಹಿಡಿದು, ಹೆಬ್ಬೆರಳಿನಿಂದ ಅದುಮಿ, ಇದು ನೋಡಿ ಗಟ್ಟಿ, ಇದು ನೋಡಿ ಮೆತ್ತಗೆ ಎಂದು ನಗುತ್ತಿದ್ದ.

"ನಗ್ತಾನೆ ನೋಡು, ಹಲ್ಕಿರ್ಕ," ಎಂದಳು ಗಿಲ್ಡಾ. "ನಮ್ಮನ್ನ ಕಂಡ್ರೆ ಇಡೀ ದೇಶಕ್ಕೆ ಹೊಟ್ಟೆ ಉರಿ."

ಹಿಂದಿನ ಭಾನುವಾರ ಜಡಿಮಳೆಯಲ್ಲಿ ತಮ್ಮ ತಂಡ ಅಮೆರಿಕನ್ ಫುಟ್‌ಬಾಲಿನ ಸೆಮಿಫೈನಲ್ ಗೆದ್ದಾಗ ಫಾಲ್ ರಿವರ್ ಪಟ್ಟಣದ ಬೀದಿಬೀದಿಯಲ್ಲೂ ಜನ ಕಾರಿನ ಹಾರ್ನ್ ಒತ್ತಿಕೊಂಡು ತಿರುಗಿದ್ದರು. ಗೆದ್ದ ಖುಷಿ ಒಂದು ರಾತ್ರಿ ಕಳೆಯುವುದರೊಳಗೆ ದೂರು ಬಂತು. ಎರಡೂ ತಂಡಗಳು ತಮ್ಮ ತಮ್ಮ ಚೆಂಡು ತರುವ ಈ ಆಟದಲ್ಲಿ ನಮ್ಮ ತಂಡ ತನ್ನ ಪಾಲಿನ ಚೆಂಡುಗಳಿಂದ ಕದ್ದು ಗಾಳಿ ಬಿಟ್ಟಿದೆ, ಒದ್ದೆ ಕೈಗೆ ಹಿಡಿತ ಸಿಗಲೆಂದೇ ಮೆತ್ತಗೆ ಮಾಡಿಕೊಂಡಿದೆ ಎಂದು. ಫೈನಲ್‌ಗೆ ಇನ್ನೂ ಒಂದು ವಾರವಿತ್ತು. ಈ ಮಧ್ಯೆ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಗಿಲ್ಡಾ ತನ್ನ ಕೂದಲಂಗಡಿಯ ಕನ್ನಡಿಗಳಿಗೆಲ್ಲ ತಂಡದ ಬಣ್ಣದ ರಿಬ್ಬನ್ ಕಟ್ಟಿದ್ದಳು. ಸೋಮವಾರದಿಂದ ಅವಳು ಮೈಮೇಲಿನ ತಂಡದ ಜೆರ್ಸಿಯನ್ನು ರಾತ್ರಿ ಒಗೆದು ಬೆಳಗ್ಗೆ ಮತ್ತೆ ಅದನ್ನೇ ಹಾಕಿಕೊಳ್ಳುತ್ತಿದ್ದಳು.

"ಚಳಿಗೆ ಏನೇನೋ ಕುಗ್ಗುತ್ತೆ, ಚೆಂಡು ಕುಗ್ಗಲ್ವಾ?" ಎಂದು ಕೊಲೀನ್ ಕಿರುಚಿದಳು. ಅವಳು ಕೂದಲು ಒಣಗಿಸುವ ಯಂತ್ರದ ಗುಮ್ಮಟದೊಳಗೆ ತಲೆ ಇಟ್ಟು ಕೂತಿದ್ದಳು. ತನಗೆ ಕೇಳಿಸದಿದ್ದುದರಿಂದ ಬೇರೆ ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡಿದ್ದಳು. "ಬೇಕಾದ್ರೆ ನನ್ನ ಗಂಡನ್ನ ಕೇಳಿ!"

ಅಂಗಡಿಯೇ ನಕ್ಕಿತು. ಟೀವಿಯ ಹತ್ತಿರ ಸರದಿ ಕಾಯುತ್ತಿದ್ದ ಮಿಸೆಸ್ ಸೌಜಾ, ಅವರ ಮಗಳು ಇಬ್ಬರೂ ನಕ್ಕರು. ಕೂದಲಿಗೆ ಸುರುಳಿ ಸುತ್ತಿಸಿಕೊಂಡು ಕೂತಿದ್ದ ಮುದುಕಿ, ಪೋರ್ಚುಗೀಸರ ರೂಢಿಯಂತೆ ಎಲ್ಲರೂ ಗೌರವದಿಂದ ದೋನಾ ಎನ್ನುತ್ತಿದ್ದ ಡಿಯೋಲಿಂಡಾ ಕೂಡ ಜಪಮಣಿ ಹಿಡಿದ ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡು ಕುಲುಕುಲು ನಕ್ಕಳು. ಇಡಾ ನಗಲಿಲ್ಲ.

"ಅವರ ಚೆಂಡೂ ಅದೇ ಮಳೇಲಿ ಇತ್ತಲ್ಲ ಗಿಲ್ಡಾ," ಎಂದಳು. "ಅದು ಯಾಕೆ ಕುಗ್ಲಿಲ್ಲ?"

"ಅಷ್ಟು ಅಂತರದಿಂದ ಗೆದ್ದಿದ್ದೀವಿ. ಗಾಳಿಯಿಂದ ಗೆದ್ವಾ? ಚೆಂಡಿನ ಬದಲು ಸೋಪಿನ ಬಿಲ್ಲೆ ಕೊಟ್ಟಿದ್ರೂ ನಮ್ಮ ಹುಡುಗ್ರು ಗೆಲ್ತಿದ್ರು."

"ಹೆಂಗೂ ಗೆಲ್ತಿದ್ರು ಅಂದ್ಮೇಲೆ ಮತ್ತೆ ಆ ಕೆಲಸ ಯಾಕ್ ಮಾಡ್ಬೇಕಿತ್ತು?"

ಗಿಲ್ಡಾ ಬಟ್ಟಲಿನ ಬಣ್ಣ ಕಲಸತೊಡಗಿದಳು. ಬೇರೆ ಯಾರಾದರೂ ಕೇಳಿದ್ದರೆ ಅವಳು ಬಾಯಿ ಮುಚ್ಚಿಸಿರುತ್ತಿದ್ದಳು. ಇಡಾ ಬೇರೆ ಯಾರೋ ಅಲ್ಲ. ಹದಿಹರೆಯದಲ್ಲಿ ಇಬ್ಬರೂ ಪರದೆ ಹೊಲಿಯುವ ಕಾರ್ಖಾನೆಯಲ್ಲಿ ಪಕ್ಕಪಕ್ಕದ ಯಂತ್ರಕ್ಕೆ ಕೂತವರು. ಕಾರ್ಖಾನೆ ಮುಚ್ಚಿದ ಮೇಲೆ ಗಿಲ್ಡಾ ಕೂದಲ ಕೆಲಸ ಕಲಿತಳು, ಇಡಾ ಶಾಲೆಯೊಂದರ ಅಡುಗೆಮನೆ ಸೇರಿದಳು. ತಂಡ ಎಲ್ಲರ ಕೈಲೂ ಸೋತು ಸುಣ್ಣವಾಗುತ್ತಿದ್ದ ವರ್ಷಗಳಲ್ಲಿ, ಕ್ರೀಡಾಂಗಣದಲ್ಲಿ ಅರ್ಧ ಕುರ್ಚಿಗಳು ಖಾಲಿ ಹೊಡೆಯುತ್ತಿದ್ದಾಗ, ಒಂದೇ ಕಂಬಳಿ ಹೊದ್ದು ಕೂತು ಥರ್ಮಾಸಿನ ಕೇಲ್ ಸೊಪ್ಪಿನ ಸೂಪು ಕುಡಿಯುತ್ತಾ ಕೂಗಿದವರು ಇವರಿಬ್ಬರೇ. ಅಂಥವಳು ಟೀವಿಯವನ ಪರ ಮಾತಾಡಿದ್ದು ಗಿಲ್ಡಾಳಿಗೆ ಮನೆಯವರೇ ಬೀದಿಗೆ ಬಂದು ಬೈದಂತೆ ಆಯಿತು.

"ನೀನು ಯಾರ ಕಡೆ ಮಾರಾಯ್ತಿ?"

"ನಮ್ಮ ಕಡೇನೇ. ಅದಕ್ಕೇ ನಾಚ್ಕೆ ಆಗೋದು. ಶಾಲೇಲಿ ಮಕ್ಳು ಕೇಳ್ತವೆ, ನಮ್ಮೋರು ಕದ್ರಾ ಅಂತ. ಏನ್ ಹೇಳ್ಲಿ? ಕದ್ದಿದ್ದು ಕದ್ದಿದ್ದೇ. ಗಾಳಿಯಾದ್ರೇನು, ಬಂಗಾರ ಆದ್ರೇನು."

"ಅದು ಸರಿಯೇ ಮಗಾ," ಎಂದಳು ಡಿಯೋಲಿಂಡಾ, ಕನ್ನಡಿಯಲ್ಲಿ ಗಿಲ್ಡಾಳನ್ನು ನೋಡುತ್ತಾ. "ಇಡಾ ಹೇಳೋದ್ರಲ್ಲಿ ನ್ಯಾಯ ಇದೆ."

ಮುದುಕಿ ಹಾಗೆ ಅಂದದ್ದೇ ಗಿಲ್ಡಾಳ ಕಿವಿ ಬಿಸಿಯಾಯಿತು. ತನ್ನ ಅಂಗಡಿ, ತಾನು ಕಟ್ಟಿದ ರಿಬ್ಬನ್ನು. ಅಂಥ ಕಡೆ ತಾನೇ ಒಂಟಿಯಾದೆ ಅನ್ನಿಸಿತು. ಕುಂಚವನ್ನು ಬಟ್ಟಲಿನ ಅಂಚಿಗೆ ಕುಟ್ಟಿ, "ನ್ಯಾಯ ಹೇಳೋದು ಸುಲಭ ದೋನಾ ಡಿಯೋಲಿಂಡಾ," ಎಂದು ನಕ್ಕಳು.

"ಸುಲಭ ಅಲ್ಲ," ಎಂದಳು ಇಡಾ. "ನನ್ನ ಮನೇಲಿ ಇಂಥದ್ದು ಆಗಿದ್ರೂ ನಾನು ತಪ್ಪು ಅಂತ್ಲೇ ಹೇಳ್ತಿದ್ದೆ."

"ಆಗಿದ್ರೆ ಏನು, ಆಗ್ಲಿಲ್ವಾ? ನಿನ್ನ ಮಗಳು ಮಾರಿಸಾ ಪರೀಕ್ಷೇಲಿ ಕಾಪಿ ಹೊಡೆದು ಕಾಲೇಜಿಂದ ಆಚೆ ಬಿದ್ದಾಗ ಊರಿಗೆಲ್ಲ ಏನಂತ ಹೇಳ್ದೆ? ಅವಳಿಗೆ ಬೆನ್ನು ನೋವು ಅಂತ ತಾನೇ?"

ಬಾಯಿಂದ ಬಂದ ಮೇಲೂ ಅದು ಜಗಳದ ಮುಂದಿನ ಮಾತು ಎಂದೇ ಗಿಲ್ಡಾಳಿಗೆ ಒಂದು ಕ್ಷಣ ಅನ್ನಿಸಿತ್ತು. ಪಟ್ಟು ಹಾಕಿದೆ, ಗೆದ್ದೆ ಎಂಬ ಸಣ್ಣ ಸಂತೋಷವೂ ಆಗಿತ್ತು. ಆಮೇಲೆ ಕನ್ನಡಿಯಲ್ಲಿ ಇಡಾಳ ಮುಖ ಕಂಡಿತು. ಆ ಮುಖದಲ್ಲಿ ಸಿಟ್ಟು ಇರಲಿಲ್ಲ. ಜನರ ಮಧ್ಯೆ ಉಟ್ಟ ಬಟ್ಟೆ ಜಾರಿದವಳ ಹಾಗೆ ಅವಳ ಎರಡು ಕೈಗಳೂ ಪ್ಲಾಸ್ಟಿಕ್ ಹೊದಿಕೆಯೊಳಗಿಂದ ಮೇಲೆದ್ದು ಎದೆಯ ಹತ್ತಿರ ನಿಂತಿದ್ದವು.

ನವೆಂಬರಿನ ಒಂದು ಸೋಮವಾರ, ಅಂಗಡಿಗೆ ರಜೆ ಇದ್ದ ದಿನ, ಇಡಾ ಹಿಂಬಾಗಿಲಿನಿಂದ ಬಂದು ಟವೆಲ್ ಒಗೆಯುವ ಯಂತ್ರದ ಪಕ್ಕ ನಿಂತು ಅತ್ತು ಹೇಳಿಕೊಂಡ ಮಾತು ಅದು. ನರ್ಸಿಂಗ್ ಓದುತ್ತಿದ್ದ ಮಗಳು ತೊಡೆಯ ಕೆಳಗೆ ಫೋನ್ ಇಟ್ಟುಕೊಂಡು ಸಿಕ್ಕಿಬಿದ್ದಳು, ಈ ಓದಿನ ವರ್ಷ ಪೂರ್ತಿ ಹೊರಗೆ ಹಾಕಿದ್ದಾರೆ, ನಿನಗೊಬ್ಬಳಿಗೇ ಹೇಳ್ತಿದ್ದೀನಿ ಎಂದು. ಗಿಲ್ಡಾ ಮಾರಿಸಾಳನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡು ನಿಂತ ಮದ್ರೀನ್ಯಾ, ಅವಳ ಧರ್ಮತಾಯಿ. ಎದೆ ಮುಟ್ಟಿಕೊಂಡು, ಇದು ಇಲ್ಲಿಗೇ ಹೂತುಹೋಯ್ತು ಎಂದಿದ್ದಳು.

ಕೊಲೀನ್ ಯಂತ್ರದ ಗುಮ್ಮಟ ಎತ್ತಿ ಕತ್ತು ಹೊರಗೆ ಹಾಕಿದಳು. "ಏನಂದ್ಳು? ಯಾರು ಕಾಪಿ ಹೊಡೆದಿದ್ದು? ನಂಗೆ ಪೂರ್ತಿ ಕೇಳಿಸ್ಲಿಲ್ಲ."

ಇಡಾ ಎದ್ದಳು. ತಲೆಯ ಒಂದು ಪಕ್ಕ ಬಣ್ಣ ಮೆತ್ತಿ ನೆತ್ತಿಗೆ ಅಂಟಿತ್ತು. ಇನ್ನೊಂದು ಪಕ್ಕದ ಬಿಳಿ ಕೂದಲು ಹಾಗೆಯೇ ಹರಡಿತ್ತು. ಕೋಟು ತೆಗೆದುಕೊಳ್ಳಲಿಲ್ಲ, ಹೊದಿಕೆ ಬಿಚ್ಚಲಿಲ್ಲ. ಬಾಗಿಲು ತೆರೆದಾಗ ಚಳಿ ಒಳಗೆ ನುಗ್ಗಿತು. ಬಾಗಿಲು ಮುಚ್ಚಿಕೊಂಡಿತು.

"ನೋಡಿ, ಹೆಂಗ್ ಹೋದ್ಳು," ಎಂದು ಗಿಲ್ಡಾ ನಗಲು ನೋಡಿದಳು. "ಒಂದು ಚೆಂಡಿಗೋಸ್ಕರ..."

"ಚೆಂಡಿಗಲ್ಲ," ಎಂದಳು ಡಿಯೋಲಿಂಡಾ. "ನಿಂತ್ಕೊಂಡು ನನ್ನ ಮುಖ ಏನ್ ನೋಡ್ತೀಯ? ಅವಳ ತಲೆ ಮೇಲೆ ಔಷಧಿ ಇದೆ. ಸುಟ್ಟೀತು. ಹೋಗು."

ಗಿಲ್ಡಾ ಕೈಗವಸು ತೊಟ್ಟ ಕೈಯಲ್ಲೇ, ಅಂಗಡಿಯ ಬಟ್ಟೆ ಚಪ್ಪಲಿಯಲ್ಲೇ ಓಡಿದಳು. ಬೀದಿಯಲ್ಲಿ ಇಡಾ ಕಾಣಲಿಲ್ಲ. ಆದರೆ ಹೊಸ ಹಿಮದ ಮೇಲೆ ಕಂದು ಹನಿಗಳು ಬಿದ್ದಿದ್ದವು. ಅಂಚೆ ಕಚೇರಿಯ ಮುಂದೆ ಒಂದು, ಬ್ರೆಡ್ಡಿನ ಅಂಗಡಿಯ ಮುಂದೆ ಎರಡು. ಅಲ್ಲಿ ಸಾಲಿನಲ್ಲಿ ನಿಂತಿದ್ದವರು ಗಾಜಿನ ಹಿಂದಿನಿಂದ ಇನ್ನೂ ಬೀದಿಯ ಮೇಲ್ಗಡೆಗೇ ನೋಡುತ್ತಿದ್ದರು. ಹಿಮ ಎತ್ತಿಹಾಕುತ್ತಿದ್ದವನೊಬ್ಬ ಸಲಿಕೆ ಊರಿಕೊಂಡು, "ಗಿಲ್ಡಾ, ಪಂಪು ಹುಡ್ಕೊಂಡು ಹೊರಟ್ಯಾ? ಗಾಳಿ ತುಂಬ್ಸೋಕೆ?" ಎಂದು ಕೂಗಿದ. ಎಂದಿನಂತೆ ತಿರುಗಿ ಒಂದು ಮಾತು ಎಸೆಯಲು ಅವಳಿಂದ ಆಗಲಿಲ್ಲ. ಏರು ಹತ್ತುವಾಗ ಚಪ್ಪಲಿ ತೊಯ್ದು ಬೆರಳುಗಳು ಮರಗಟ್ಟಿದವು. ಇಡಾಳ ಮನೆಯ ಬಾಗಿಲಲ್ಲಿ ಏನು ಹೇಳಲಿ ಎಂದು ಹುಡುಕಿದಳು. ಬಾಯಿ ಜಾರಿತು ಎನ್ನಬಹುದಿತ್ತು. ಜಾರಿರಲಿಲ್ಲ. ಗೆಲ್ಲಬೇಕಾಗಿತ್ತು, ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆದಿದ್ದಳು.

ಮರದ ಮನೆಯ ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆದವಳು ಮಾರಿಸಾ. ಅವಳ ಮುಖದಲ್ಲಿ ಅರ್ಧ ಗಾಬರಿ, ಅರ್ಧ ನಗು.

"ಮದ್ರೀನ್ಯಾ! ಏನಿದು ಅಮ್ಮನ ಅವತಾರ? ಕೇಳಿದ್ರೆ ಬಾಯೇ ಬಿಡ್ತಿಲ್ಲ. ಅಯ್ಯೋ, ನಿಮ್ಮ ಕಾಲು ನೋಡಿ! ಒಳಗೆ ಬನ್ನಿ, ಬನ್ನಿ."

ಇಡಾ ಅಡುಗೆಮನೆಯ ತೊಟ್ಟಿಯ ಮೇಲೆ ಬಗ್ಗಿ ನಿಂತಿದ್ದಳು. ನಲ್ಲಿ ಬಿಟ್ಟಿದ್ದಳು, ನೀರಿಗೆ ತಲೆ ಕೊಟ್ಟಿರಲಿಲ್ಲ.

"ಚೆಂಡಿನ ವಿಷ್ಯಕ್ಕೆ ಮಾತಿಗೆ ಮಾತು ಬೆಳೀತು," ಎಂದಳು, ತಿರುಗದೆಯೇ. "ಅಷ್ಟೇ."

"ಚೆಂಡಿಗಾ? ಈ ವಯಸ್ಸಲ್ಲಿ ಇಬ್ರಿಗೂ..." ಮಾರಿಸಾ ಜೋರಾಗಿ ನಕ್ಕುಬಿಟ್ಟಳು.

ಗಿಲ್ಡಾ ತೊಟ್ಟಿಯ ಹತ್ತಿರ ಹೋಗಿ ಕೈ ಚಾಚಿದಳು. ಇಡಾ ಸಣ್ಣ ದನಿಯಲ್ಲಿ, "ನೀನು ಮುಟ್ಬೇಡ," ಎಂದಳು. "ಮಾರಿಸಾ ತೊಳೀಲಿ."

ಹಾಗಾಗಿ ಗಿಲ್ಡಾ ಒಲೆಯ ಪಕ್ಕ ನಿಂತು ಹೇಳಿಕೊಟ್ಟಳು. ಬಿಸಿ ಬೇಡ, ಉಗುರು ಬೆಚ್ಚಗೆ ಸಾಕು. ಉಜ್ಜಬೇಡ, ಬೆರಳಿನ ತುದಿಯಿಂದ ಸವರು. ಹುಡುಗಿ ಹೇಳಿದ ಹಾಗೆ ಮಾಡಿದಳು. ಅವಳ ಕೈ ಹಗುರವಾಗಿತ್ತು. ಒಂದು ಅಂಗೈಯಿಂದ ತಾಯಿಯ ಹಣೆ ಹಿಡಿದು, ಕಣ್ಣಿಗೆ ನೀರು ಹೋಗದಂತೆ ತಡೆದು ಸುರಿಯುತ್ತಿದ್ದಳು. ರೋಗಿಗಳನ್ನು ನೋಡಿಕೊಳ್ಳಲು ಹುಟ್ಟಿದ ಕೈ ಎಂದು ಗಿಲ್ಡಾಳಿಗೆ ಅನ್ನಿಸಿತು.

"ನಂಗೆ ಈ ಕೆಲಸ ಚೆನ್ನಾಗೇ ಬರುತ್ತೆ ಅಲ್ವಾ?" ಎಂದಳು ಮಾರಿಸಾ. "ನಾನೇ ಬಂದು ಕೇಳೋಣ ಅಂತಿದ್ದೆ ಮದ್ರೀನ್ಯಾ. ಸೆಪ್ಟೆಂಬರಲ್ಲಿ ಕಾಲೇಜಿಗೆ ವಾಪಸ್ ಸೇರಿಸ್ಕೊಳ್ತಾರಂತೆ. ಅಲ್ಲೀವರೆಗೆ ನಿಮ್ಮ ಅಂಗಡೀಲಿ ಬಂದೋರ ತಲೆ ತೊಳ್ಕೊಂಡಿರ್ಲಾ? ಮನೇಲಿ ಕೂತು ಕೂತು ಹುಚ್ಚು ಹಿಡೀತಿದೆ. ಬೇರೆ ಕಡೆ ಹೋದ್ರೆ ಓದು ಯಾಕೆ ಬಿಟ್ಟೆ, ಏನು ಕಥೆ ಅಂತ ಕೆದಕ್ತಾರೆ. ನಿಮ್ಮಲ್ಲಾದ್ರೆ ಬೆನ್ನು ನೋವು ಹೇಗಿದೆ ಅಂತ ಕೇಳಿ ಸುಮ್ನಾಗ್ತಾರೆ."

ನೀರಿನ ಸದ್ದಿನ ಮಧ್ಯೆ ಇಡಾ ಅಂದಳು, "ಆಮೇಲೆ ಮಾತಾಡಿದ್ರಾಯ್ತು."

ಅವಳು ತನಗೆ ತಪ್ಪಿಸಿಕೊಳ್ಳಲು ದಾರಿ ಬಿಟ್ಟುಕೊಡುತ್ತಿದ್ದಾಳೆ ಎಂದು ಗಿಲ್ಡಾಳಿಗೆ ಅರ್ಥವಾಯಿತು. ಆಗಲಿ ಮಗಳೇ, ಆಮೇಲೆ ನೋಡೋಣ ಎಂದು ಹೊರಟುಬಿಡಬಹುದಿತ್ತು. ಇಡಾ ಯಾವತ್ತೂ ಹೇಳುವವಳಲ್ಲ. ಆದರೆ ಈ ಹುಡುಗಿ ನಾಳೆ ಬ್ರೆಡ್ಡಿನ ಅಂಗಡಿಗೆ ಹೋಗುತ್ತಾಳೆ, ಭಾನುವಾರ ಚರ್ಚಿಗೆ ಹೋಗುತ್ತಾಳೆ. ಎಲ್ಲರೂ ಅವಳ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡುತ್ತಾರೆ. ಯಾಕೆಂದು ಅವಳಿಗೆ ಮಾತ್ರ ಗೊತ್ತಿರುವುದಿಲ್ಲ.

"ಮಾರಿಸಾ," ಎಂದಳು.

"ಗಿಲ್ಡಾ, ಬೇಡ," ಎಂದಳು ಇಡಾ, ತೊಟ್ಟಿಯೊಳಗಿನಿಂದಲೇ.

"ಚೆಂಡಿನ ಮಾತಲ್ಲೇ ಶುರುವಾಯ್ತು. ನಿಮ್ಮಮ್ಮ ಸರಿಯಾಗೇ ಹೇಳ್ತಿದ್ಳು. ನಂಗೆ ಉತ್ತರ ಹೊಳೀಲಿಲ್ಲ. ಅದಕ್ಕೆ ನಾನು... ನಿನ್ನ ಪರೀಕ್ಷೆ ವಿಷ್ಯ ಎತ್ತಿದೆ. ಎಲ್ಲರ ಮುಂದೆ. ಅಂಗಡೀಲಿ."

ಮಾರಿಸಾಳ ಕೈ ನಿಂತಿತು. ನೀರು ಮಾತ್ರ ಬೆರಳುಗಳ ಮೇಲೆ ಹರಿಯುತ್ತಿತ್ತು.

"ಯಾರ್ಯಾರಿದ್ರು?"

"ದೋನಾ ಡಿಯೋಲಿಂಡಾ. ಆ ಕೊಲೀನ್." ಗಿಲ್ಡಾ ಕೈಗವಸು ಕಳಚಿದಳು. "ಟೀವಿ ಹತ್ತಿರ ಮಿಸೆಸ್ ಸೌಜಾ ಕೂತಿದ್ರು, ಮಗಳ ಜೊತೆ."

"ಟೆಸ್ಸಾನಾ? ಅವಳೂ ಇದ್ಳಾ?"

"ಇದ್ಳು."

ಟೆಸ್ಸಾ ಮಾರಿಸಾಳ ಜೊತೆ ಶಾಲೆಯಲ್ಲಿ ಓದಿದವಳು. ಹೆಸರು ಹೇಳುವವರೆಗೂ ಗಿಲ್ಡಾ ಅದನ್ನು ನೆನಪಿಸಿಕೊಂಡಿರಲಿಲ್ಲ.

ಮಾರಿಸಾ ಅಳಲಿಲ್ಲ. ಕೂಗಾಡಿದ್ದರೆ ಗಿಲ್ಡಾಳಿಗೆ ಹಗುರವಾಗುತ್ತಿತ್ತೇನೋ. ನಲ್ಲಿ ನಿಲ್ಲಿಸಿ, ತಾಯಿಯ ತಲೆಗೆ ಟವೆಲ್ ಸುತ್ತಿ, ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಹೊದಿಕೆ ಬಿಚ್ಚಿ, ಒರೆಸಿ, ಮಡಚಿ ಗಿಲ್ಡಾಳ ಕೈಗೆ ಕೊಟ್ಟಳು. ಇಡಾ ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒಂದು ಕಡೆ ಸೇರಿಸುತ್ತಿದ್ದಳು.

"ಇಡಾ, ನಾನು..."

"ನಂಗೂ ನಾಚ್ಕೆ ಆಗ್ತಿದೆ ಗಿಲ್ಡಾ," ಎಂದಳು ಇಡಾ. "ಅಷ್ಟು ದೊಡ್ಡ ಮಾತು ನಾನು ಆಡ್ಬಾರ್ದಿತ್ತು. ಸುಳ್ಳು ಹೇಳಿದ್ದು ನಾನೇ ಅಲ್ವಾ."

"ಅಮ್ಮಾ, ಸುಮ್ನಿರು," ಎಂದಳು ಮಾರಿಸಾ. ಗಿಲ್ಡಾಳ ಕಡೆ ತಿರುಗಿ, ಅಂಗಡಿಯಲ್ಲಿ ಗುರುತಿಲ್ಲದವರ ಜೊತೆ ಮಾತಾಡುವಷ್ಟೇ ಮರ್ಯಾದೆಯಿಂದ ಹೇಳಿದಳು: "ಅಲ್ಲಿ ಜನ ಕಾಯ್ತಿರ್ತಾರೆ. ನೀವು ಹೊರಡಿ."

ಹೊರಡುವಾಗ ಹುಡುಗಿ ಬಾಗಿಲ ಬಳಿಯ ತನ್ನ ಬೂಟುಗಳನ್ನು ಕಾಲಿನಿಂದ ಇತ್ತ ಸರಿಸಿದಳು. ಗಿಲ್ಡಾ ಅವನ್ನು ಹಾಕಿಕೊಳ್ಳಲಿಲ್ಲ. ಒದ್ದೆ ಚಪ್ಪಲಿಯಲ್ಲೇ ಮೆಟ್ಟಿಲಿಳಿದಳು.

ಇಳಿಜಾರಿನಲ್ಲಿ ಹೋಗುತ್ತಿದ್ದ ಕಾರಿನವರು ಅವಳ ಜೆರ್ಸಿ ನೋಡಿ ಹಾರ್ನ್ ಒತ್ತಿ, ಕಿಟಕಿಯಿಂದ ಮುಷ್ಟಿ ಎತ್ತಿ ಕೂಗಿದರು. ಅವಳು ತಬ್ಬಿ ಹಿಡಿದಿದ್ದ ಹೊದಿಕೆಯನ್ನು ಬಿಡಿಸಿ, ಜೆರ್ಸಿ ಮುಚ್ಚುವಂತೆ ಎದೆಗೆ ಅಡ್ಡವಾಗಿ ಹಿಡಿದುಕೊಂಡಳು.

ಅಂಗಡಿಯ ಗಾಜು ಒಳಗಿನ ಬಿಸಿಗೆ ಪೂರ್ತಿ ಮಂಜುಗಟ್ಟಿತ್ತು. ಒಳಗೆ ಯಂತ್ರಗಳ ಸದ್ದು ನಿಂತಿತ್ತು. ಟೀವಿಯ ಸದ್ದೂ ಇರಲಿಲ್ಲ. ತಲೆಗೆ ಸುರುಳಿ ಸುತ್ತಿಸಿಕೊಂಡವರು ಹಾಗೇ ಎದ್ದು ಹೋಗುವಂತಿಲ್ಲ, ಕಾಯುತ್ತಿರಬೇಕು. ಗಾಜಿನ ಮೇಲೆ ಯಾರೋ ಒಳಗಿನಿಂದ ಅಂಗೈಯಗಲ ಜಾಗ ಒರೆಸಿದ್ದರು. ಅದರೊಳಗಿಂದ ಒಂದು ಕಣ್ಣು ಬೀದಿಯನ್ನೇ ನೋಡುತ್ತಿತ್ತು. ಗಿಲ್ಡಾ ಹತ್ತಿರ ಬಂದಾಗ ಕಣ್ಣು ಸರಿದುಹೋಯಿತು. ಒರೆಸಿದ ಜಾಗ ಹಾಗೇ ಉಳಿದು, ಅಂಚಿನಿಂದ ಒಂದು ಹನಿ ಕೆಳಕ್ಕೆ ಇಳಿಯತೊಡಗಿತು.