ನಡುವೆ ಬಿಟ್ಟುಹೋದ ಫ್ರೇಮುಗಳು

ಮೂವತ್ತೆಂಟು, ಮತ್ತೆ ಮೂವತ್ತೆಂಟೇ, ಹಟ ಹಿಡಿದಿದೆ ಈ ಅಂಕಿ, ಕ್ಯಾಮೆರಾ ಸೆಕೆಂಡಿಗೆ ಮುನ್ನೂರೈವತ್ತು ಎಂಬಿ ಕಳಿಸಬೇಕು, ಲ್ಯಾಪ್‌ಟಾಪಿಗೆ ಬಂದು ಸೇರುವುದು ಇಷ್ಟೇ — ಹಿನಾ ಪೋರ್ಟು ಬದಲಿಸಿದಳು, ಡಿಸ್ಕು ನೋಡಿದಳು, ಬೇಕಾದಷ್ಟು ಜಾಗವಿದೆ, ಎದುರಿಗೆ ನಿಟ್ಟಿಂಗ್ ಮೆಷಿನ್ನು ಗಿರ್ರನೆ ತಿರುಗುತ್ತಿದೆ, ಹತ್ತಿಯ ಧೂಳು ಕೀಬೋರ್ಡಿನ ಮೇಲೆ, ರೆಪ್ಪೆಯ ಮೇಲೆ, ಅಷ್ಟು ಓದಿ ತಿರುಪ್ಪೂರಲ್ಲಿ ಬನಿಯನ್ ಸೂಜಿ ಕಾಯ್ತೀಯಾ, ದಾವಣಗೆರೆಯಿಂದ ಅಮ್ಮಿಯ ಫೋನು, ಹೌದಮ್ಮಿ, ಸೂಜಿ ಯಾಕೆ ಮುರಿಯುತ್ತದೆಂದು ಹಿಡಿಯುವುದೇ ಕೆಲಸ, ಸೋಮವಾರ ಹಿಡಿದೆನಲ್ಲ, ಒಂದು ಫ್ರೇಮಿನಲ್ಲಿ ಸೂಜಿ ನೆಟ್ಟಗಿದೆ, ಮುಂದಿನದರಲ್ಲಿ ಮುರಿದಿದೆ, ಪಕ್ಕದಲ್ಲೇ ಹಸಿರು ಬಳೆಯ ಕೈ, ಆಪರೇಟರ್ ಕೈ ಹಾಕಿದ್ದರಿಂದ ಎಂದು ಹಿನಾ ರಿಪೋರ್ಟು ಬರೆದು ಸಹಿ ಮಾಡಿದಳು, ಮಿಲ್ಲಿನ ಮೇಲ್ವಿಚಾರಕ ನಂಜುಂಡನ್ ಮಾಸ್ಟರು ಆ ಬಳೆಯ ಆಪರೇಟರ್ ತೆನ್ಮೊಳಿಯನ್ನು ಅಂದೇ ಕೆಲಸದಿಂದ ತೆಗೆದರು, ಗೇಟಿನ ಹತ್ತಿರ ಮೇಡಂ ನಾನ್ ತೊಡವೇ ಇಲ್ಲ ಅಂದಳು, ಮುಟ್ಟಲೇ ಇಲ್ಲವಂತೆ, ಮತ್ತೆ ಕೈ ಅಲ್ಲಿಗೆ ಹೇಗೆ ಬಂತು, ಕ್ಯಾಮೆರಾ ಸುಳ್ಳು ಹೇಳುತ್ತದೆಯೇ.

ಇನ್ನು ಉಳಿದದ್ದು ಕೇಬಲ್ಲು, ಕಪ್ಪಗೆ ದಪ್ಪಗೆ ಇದೆ, ಕ್ಯಾಮೆರಾದ ಜೊತೆ ಬಂದದ್ದು ಗಿಡ್ಡವೆಂದು ಆಫೀಸಿನ ಡ್ರಾಯರಿನಿಂದ ಎತ್ತಿಕೊಂಡದ್ದು, ಎರಡೂ ತುದಿ ಸರಿಯಾಗಿ ಕೂರುತ್ತವೆ — ಅಯ್ಯೋ, ಇದು ಯಾರದೋ ಮೊಬೈಲ್ ಚಾರ್ಜರಿನದು, ಕರೆಂಟಿಗೇನೋ ಸರಿ, ಡೇಟಾಕ್ಕೆ ಓಬೀರಾಯನ ಕಾಲದ ವೇಗ, ಕಿತ್ತಳು, ಸ್ಟೂಲು ಎಳೆದು ಲ್ಯಾಪ್‌ಟಾಪನ್ನೇ ಮೆಷಿನ್ನಿನ ಪಕ್ಕಕ್ಕೆ ತಂದು ಗಿಡ್ಡ ಕೇಬಲ್ ಸಿಕ್ಕಿಸಿದಳು, ಮುನ್ನೂರ ನಲವತ್ತೆಂಟು, ಅಬ್ಬ ಅನ್ನಿಸಿತು, ಆಮೇಲೆ ನೆನಪಾಯಿತು, ಸೋಮವಾರವೂ ಇದೇ ಕಪ್ಪು ಕೇಬಲ್, ಹಳೆಯ ಫೈಲು ತೆರೆದಳು, ಸೂಜಿ ನೆಟ್ಟಗಿರುವ ಫ್ರೇಮಿನ ನಂಬರು ನಾಲ್ಕು ಸಾವಿರದ ನೂರು, ಮುರಿದಿರುವುದರದ್ದು ನಾಲ್ಕು ಸಾವಿರದ ಮುನ್ನೂರು, ಮುಂದಿನದೆಂದುಕೊಂಡದ್ದು ಮುಂದಿನದಲ್ಲ, ನಡುವಿನವು ನಿಧಾನದ ಕೇಬಲ್ಲಿನಲ್ಲಿ ಉದುರಿಹೋಗಿವೆ, ದಾಖಲಾಗಿಯೇ ಇಲ್ಲ, ಸೂಜಿ ಮೊದಲೋ ಕೈ ಮೊದಲೋ ಯಾರಿಗೆ ಗೊತ್ತು, ನಂಬರು ನೋಡಲಿಲ್ಲ, ಬಳೆ ನೋಡಿದೆ, ಅಷ್ಟಕ್ಕೇ ಒಬ್ಬಳ ಅನ್ನ ಕಿತ್ತೆ, ನಾಚಿಕೆಯಾಗುತ್ತದೆ — ಚಿತ್ರ ದೊಡ್ಡದು ಮಾಡಿದಳು, ಕೈ ಇರುವುದು ಸೂಜಿಯ ಕಡೆಗಲ್ಲ, ಹೆಬ್ಬೆರಳು ಆಚೆಗೆ ಚಾಚಿದೆ, ಮೆಷಿನ್ ನಿಲ್ಲಿಸುವ ಕೆಂಪು ಗುಂಡಿಯ ಕಡೆ, ಏನ್ ಕಣ್ಣೂ, ಸ್ಪೀಡು ಬಂತಾ, ಬೆನ್ನ ಹಿಂದೆ ನಂಜುಂಡನ್ ಮಾಸ್ಟರು, ಎಲ್ಲ ಹುಡುಗಿಯರೂ ಅವರಿಗೆ ಕಣ್ಣೇ, ಬಂತು ಸಾರ್, ತೆನ್ಮೊಳಿಯನ್ನು ವಾಪಸ್ ಕರೆಸಿ, ನನ್ನ ರಿಪೋರ್ಟು ತಪ್ಪು, ಅದೆಂಗೆ ತಪ್ಪು, ಕೈ ಇತ್ತಲ್ಲಮ್ಮಾ, ಇತ್ತು ಸಾರ್, ಇತ್ತು, ಈಗಲೂ ಇದೆ, ಹಸಿರು ಬಳೆ, ಚಾಚಿದ ಹೆಬ್ಬೆರಳು, ಕೆಂಪು ಗುಂಡಿಗೆ ಇನ್ನೊಂದೇ ಗೇಣು.