ಸೊಸೆಯ ಗಾಡಿ ತೊಳೆಯುವಾಗ

ನೀರು ಬಿದ್ದ ಕೂಡಲೇ ಚುರ್ ಎಂದಿತು, ಕಾದ ಹಂಚಿನ ಮೇಲೆ ಚಿಮುಕಿಸಿದ ಹಾಗೆ, ಒಣಗಿದ ಕೆಸರು ನೀರು ಕುಡಿಯುವಾಗ ಸದ್ದು ಮಾಡುತ್ತದೆಂದು ಇಷ್ಟು ವಯಸ್ಸಾದರೂ ನಾನು ಗಮನಿಸಿರಲಿಲ್ಲ, ಆಮೇಲೆ ಆ ವಾಸನೆ — ಹೊಳೆಯದು, ಕೊಳೆತ ಕಬ್ಬಿನದು, ಸತ್ತ ಮೀನಿನದು, ಮಹಾಪೂರ ಇಳಿದ ಮೇಲೆ ನಮ್ಮ ದಿಗ್ಗೇವಾಡಿಯ ಹೊಲಗಳಲ್ಲಿ ವಾರಗಟ್ಟಲೆ ನಿಲ್ಲುವ ವಾಸನೆ, ಅದೀಗ ನಮ್ಮ ಅಂಗಳಕ್ಕೇ ಬಂದು ನಿಂತಿದೆ, ಮಗ ಅಮೋಲನ ಈ ನಾಲ್ಕು ಗಾಲಿಯ ಬೈಕಿನ ಮೈತುಂಬ ಮೆತ್ತಿಕೊಂಡು, ಇದರ ಬಣ್ಣ ಕೆಂಪು ಎಂದರೆ ಇವತ್ತು ಯಾರೂ ನಂಬುವುದಿಲ್ಲ. ತಿಕ್ಕಬಾರದು, ಮೊದಲು ನೆನೆಯಲಿ, ಒಣಮಣ್ಣು ತಿಕ್ಕಿದರೆ ಅದರೊಳಗಿನ ಹರಳು ಬಣ್ಣವನ್ನು ಗೀರುತ್ತದೆ, ಬೆಲ್ಲ ಸೀದ ಪಾತ್ರೆಯನ್ನು ಹೇಗೆ ರಾತ್ರಿಯೆಲ್ಲ ನೆನೆಸಿಡುತ್ತೇವೋ ಹಾಗೆ, ಗೋಣಿಚೀಲ ತೋಯಿಸಿ ಮೇಲೆ ಹೊದಿಸಿದ್ದೇನೆ, ಜ್ವರ ಬಂದವರ ಹಣೆಗೆ ಪಟ್ಟಿ ಹಾಕಿದಂತೆ ಕಾಣುತ್ತದೆ, ನಗು ಬರಬೇಕು, ಬರುತ್ತಿಲ್ಲ, ಏಕೆಂದರೆ ಕಿವಿಯೆಲ್ಲ ಬೇವಿನ ಗಿಡದ ಆಚೆಗಿದೆ, ನೆರೆಮನೆಯ ಜುಬೇದಾಳ ಕೊಟ್ಟಿಗೆಯ ಕಡೆಗೆ, ಅಲ್ಲಿ ಅವಳ ಎಮ್ಮೆ ಚಾಂದಿ ನಿನ್ನೆಯಿಂದ ಮಲಗಿದ್ದಾಳೆ, ಎದ್ದಿಲ್ಲ, ನನ್ನ ಸೊಸೆ ರೂಪಾಲಿ ಆ ಎಮ್ಮೆಯ ಪಕ್ಕದಲ್ಲೇ ಕೂತಿದ್ದಾಳೆ. ದನದ ಡಾಕ್ಟರರು ಸಲೈನ್ ಹಚ್ಚಿ ಹೋಗುವಾಗ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ, ನಾಳೆ ಮಧ್ಯಾಹ್ನದೊಳಗ ತನ್ನ ಕಾಲ ಮ್ಯಾಲ ತಾನು ನಿಂತ್ರ ಉಳೀತೈತಿ, ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ — ಆ ನಾಳೆ ಇದೇ, ಬಿಸಿಲು ಆಗಲೇ ತುಳಸಿಕಟ್ಟೆ ದಾಟಿದೆ. ಸುಮ್ಮನೆ ಕೂತರೆ ಕೈಕಾಲು ಸುಮ್ಮನಿರುವುದಿಲ್ಲ, ಅದಕ್ಕೇ ಪೈಪು ಹಿಡಿದೆ, ಗಂಡಸರ ಗಾಡಿ ತೊಳೆಯುವುದು ನಿನಗೇಕೆ ಎಂದು ಕೇಳುವವರು ಮನೆಯಲ್ಲಿ ಯಾರೂ ಇಲ್ಲ, ಅಮೋಲ ಸಾಂಗಲಿಗೆ ಹೋಗಿದ್ದಾನೆ, ಪಂಪಿನ ಮೋಟರು ರಿಪೇರಿ ಮಾಡಿಸಿಕೊಂಡು ಸಂಜೆಗೆ ಬರುತ್ತಾನೆ, ಮತ್ತೆ ಇದು ಗಂಡಸರ ಗಾಡಿ ಎಂದು ನಾನು ಈಗ ಹೇಳಿದೆನಲ್ಲ, ನಿನ್ನೆಯ ನಂತರ ಆ ಮಾತು ಹೇಗೆ ಬಾಯಿಗೆ ಬಂತೋ.

ಚಕ್ಕೆ ಚಕ್ಕೆಯಾಗಿ ಏಳುತ್ತಿದೆ, ಬಿದಿರಿನ ಸೀಳು ಒಳಗೆ ತೂರಿಸಿದರೆ ಹಸಿಗೋಡೆಯ ಗಿಲಾವಿನ ಹಾಗೆ ಉದುರುತ್ತದೆ, ಕೆಳಗಿನಿಂದ ಕೆಂಪು ಇಣುಕುತ್ತದೆ, ಅದರ ಪಕ್ಕದಲ್ಲಿ ನೀಲಿ ಕಲೆ, ಅದು ಹಳೆಯದು, ಔಷಧ ಹೊಡೆಯುವ ಡ್ರಮ್ಮಿನಿಂದ ಚೆಲ್ಲಿದ ಮೈಲುತುತ್ತದ್ದು, ಹುಣಸೆಹಣ್ಣು ಹಚ್ಚಿದರೆ ಹೋದೀತು, ತಾಮ್ರದ ಹಂಡೆಗೆ ಹೋಗುವುದಿಲ್ಲವೇ. ಪನ್ಹಾಳದ ಕಡೆ ಪ್ರವಾಸಿಗರನ್ನು ಗುಡ್ಡದಲ್ಲಿ ತಿರುಗಿಸುತ್ತಿದ್ದವನಿಂದ ಅಮೋಲ ಇದನ್ನು ಹಳೆಯದೇ ಕೊಂಡು ತಂದಾಗ ಓಣಿಯ ಹುಡುಗರು ಕಪ್ಪಿ ಗಾಡಿ, ಕಪ್ಪಿ ಗಾಡಿ ಎಂದು ಹಿಂದೆ ಓಡಿದ್ದರು, ನಿಜವೇ, ಕಪ್ಪೆಯ ಹಾಗೆ ಕೂತಿರುತ್ತದೆ, ದಪ್ಪ ಗಾಲಿ, ಅಗಲ ಕಾಲು, ಕಬ್ಬಿನ ಸಾಲಿಗೆ ಗೊಬ್ಬರ ಒಯ್ಯಲು ಅನುಕೂಲ ಎಂದಿದ್ದ ಅವನು. ರೂಪಾಲಿ ಏನೂ ಅನ್ನಲಿಲ್ಲ, ಅವಳು ಹಾಗೆಯೇ, ನಿಪ್ಪಾಣಿಯಿಂದ ಮದುವೆಯಾಗಿ ಬಂದಾಗಲೂ ಮನೆಯೆಲ್ಲ ಒಮ್ಮೆ ನೋಡಿಕೊಂಡು ಒಲೆಯ ಮುಂದೆ ಕೂತಳು, ಮಾತು ಕಡಿಮೆ, ನಾನು ಬಾಯಿಬಡುಕಿ, ಮೊದಲ ವರ್ಷ ನನಗೆ ಗೋಡೆಗೆ ಮಾತಾಡಿದ ಹಾಗಾಗುತ್ತಿತ್ತು. ಆಮೇಲೆ ಒಂದು ದಿನ ಕಬ್ಬು ಕಡಿದು ಖಾಲಿಯಾದ ಹೊಲದಲ್ಲಿ ಗಾಡಿಯ ಸದ್ದು, ಅಮೋಲನಿರಬೇಕು ಎಂದು ಬದುವಿನ ಮೇಲೆ ಹತ್ತಿ ನೋಡಿದರೆ ಇವಳು, ಸೀರೆ ಮೊಣಕಾಲಿಗೆತ್ತಿ ಸಿಕ್ಕಿಸಿ, ಸೆರಗು ಸೊಂಟಕ್ಕೆ ಬಿಗಿದು, ಕೂಳೆಗಳ ನಡುವೆ ಒಬ್ಬಳೇ ಸುತ್ತು ಹಾಕುತ್ತಿದ್ದಾಳೆ, ಬಿದ್ದೇ ಹೋಗುತ್ತಾಳೆ ಎನ್ನುವಷ್ಟರಲ್ಲಿ ತಿರುವು ತೆಗೆದುಕೊಂಡಳು, ಹಕ್ಕಿ ರೆಕ್ಕೆ ಓರೆ ಮಾಡಿದ ಹಾಗೆ, ನನ್ನನ್ನು ಕಂಡು ನಿಲ್ಲಿಸಿದಳು, ಬರ್ರಿ ಅತ್ಯಾರ, ಹಿಂದ ಕೂಡ್ರಿ ಎಂದಳು. ನಾನು ಕೂತೆ. ಕೂತು ಚೀರಿದೆ. ಅವಳು ನಕ್ಕಳು, ಈ ಮನೆಗೆ ಬಂದಮೇಲೆ ಅಷ್ಟು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು.

ಈ ಗಾಲಿಯ ಒಳಗೆ ಏನು ಸುತ್ತಿದೆ, ರವದಿ, ಕಬ್ಬಿನ ಒಣಗರಿ ಹಗ್ಗದಂತೆ ಹೊಸೆದು ಬಿಗಿದುಬಿಟ್ಟಿದೆ, ಕುಡಗೋಲಿನಿಂದ ಕೊಯ್ಯಬೇಕು, ನಿನ್ನೆ ಹೆಂಗಸರು ಹೊರೆ ಹೊತ್ತು ತಂದು ಹಾಸಿದ್ದು ಇದನ್ನೇ, ಎಲ್ಲರ ಬಣವೆ ಅರ್ಧ ಖಾಲಿಯಾಯಿತು. ಹೊಳೆಯ ದಂಡೆಯಲ್ಲಿ ಹೊಸ ಹುಲ್ಲು ಚಿಗುರಿತ್ತು, ಮಣ್ಣು ಮೇಲೆ ಹಪ್ಪಳದಂತೆ ಒಣಗಿ ಬಿರಿದಿತ್ತು, ಕೆಳಗೆ ಬರೀ ಗಂಜಿ, ಅದು ಮನುಷ್ಯರಿಗೇ ತಿಳಿಯುವುದಿಲ್ಲ, ಎಮ್ಮೆಗೇನು ತಿಳಿದೀತು, ಹುಲ್ಲಿಗೆ ಬಾಯಿ ಹಾಕುತ್ತ ಹಾಕುತ್ತ ಚಾಂದಿ ಒಳಗೆ ಹೋದಳು, ಮೊದಲು ಮೊಣಕಾಲು, ಆಮೇಲೆ ಹೊಟ್ಟೆ, ಒದ್ದಾಡಿದಷ್ಟೂ ಕೆಳಗೆ, ನಾವು ಓಡಿಹೋಗುವಷ್ಟರಲ್ಲಿ ಬೆನ್ನಿನ ಗೆರೆ, ಹಿಂದಕ್ಕೆ ಬಾಗಿದ ಪಂಢರಪುರಿ ತಳಿಯ ಉದ್ದ ಕೋಡುಗಳು, ಹಣೆಯ ಬಿಳಿ ಚುಕ್ಕೆ, ಅಷ್ಟೇ ಮೇಲಿತ್ತು. ಗಬ್ಬದ ಎಮ್ಮೆ. ಗಂಡ ಇಮಾಮಸಾಬ ತೀರಿಕೊಂಡ ಮೇಲೆ ಜುಬೇದಾ ಮನೆ ನಡೆಸಿದ್ದು ಈ ಚಾಂದಿಯ ತಾಯಿಯ ಹಾಲು ಮಾರಿ, ಈಗ ಇವಳದು, ಅಂಥ ಜುಬೇದಾ ದಂಡೆಯಲ್ಲಿ ನಿಂತು ಅಳಲೂ ಇಲ್ಲ, ಚಾಂದಿ, ಬೇಟಿ, ಇತ್ಲಾಗ ನೋಡು ಎಂದು ಮೆಲ್ಲಗೆ ಕರೆಯುತ್ತಲೇ ಇದ್ದಳು, ಆ ಧ್ವನಿ ಕೇಳಲಾಗದೆ ನಾನು ಅವಳ ಕೈ ಹಿಡಿದುಕೊಂಡೆ. ವಿರುಪಾಕ್ಷಪ್ಪ ಟ್ರ್ಯಾಕ್ಟರ್ ತಂದ, ಅರ್ಧ ದಾರಿಗೇ ಮುಂದಿನ ಗಾಲಿ ಕುಸಿದವು, ಅದನ್ನು ಹಿಂದಕ್ಕೆ ತೆಗೆಯುವುದೇ ಒಂದು ಕೆಲಸವಾಯಿತು, ಇನ್ನ ಇದು ಆಗೂ ಮಾತಲ್ಲ ಬಿಡ್ರಿ ಎಂದು ಅವನು ಟವೆಲಿನಿಂದ ಮುಖ ಒರೆಸಿಕೊಂಡ, ಜನ ತಲೆ ತಗ್ಗಿಸಿದರು. ಆಗ ಈ ಗಾಡಿಯ ಸದ್ದು. ರೂಪಾಲಿ ಯಾರಿಗೂ ಹೇಳದೆ ಮನೆಗೆ ಹೋಗಿದ್ದಳು, ಗಾಡಿ ತಂದಳು, ಕಬ್ಬಿನ ಟ್ರೇಲರಿಗೆ ಬಿಗಿಯುವ ಅಗಲ ಪಟ್ಟಿ ತಂದಳು, ಹಲಗೆ ಎರಡು ಹಿಂದೆ ಕಟ್ಟಿಕೊಂಡು. ಕುರಿ ಕಾಯುವ ಮಾಳಸಿದ್ದ ಕೋಡಿಗೆ ಹಗ್ಗ ಎಸೆಯುವುದರಲ್ಲಿದ್ದ, ಇವಳು ಗಾಡಿಯಿಂದ ಇಳಿಯದೆಯೇ ಹೇಳಿದಳು.

ಕೋಡಿಗಿ ಬ್ಯಾಡ್ರಿ ಕಾಕಾ, ಕುತ್ತಿಗಿ ಮುರೀತೈತಿ, ಎದಿ ಕೆಳಗ ಪಟ್ಟಿ ಹಾಯಿಸ್ರಿ.

ಮಾಳಸಿದ್ದ ಒಂದು ಗಳಿಗೆ ಅವಳನ್ನೇ ನೋಡಿದ, ಆಮೇಲೆ ಧೋತರ ಕಟ್ಟಿ ಹಲಗೆಯ ಮೇಲೆ ಬೋರಲು ಮಲಗಿ ಹಾವಿನ ಹಾಗೆ ಹರಿದುಹೋದ, ಕೆಸರೊಳಗೆ ಭುಜದವರೆಗೆ ಕೈ ತೂರಿಸಿ ಎಮ್ಮೆಯ ಎದೆಯ ಕೆಳಗಿಂದ ಪಟ್ಟಿ ಈಚೆ ತೆಗೆದ, ಹೆಂಗಸರು ರವದಿ ಹಾಸಿದರು, ಅದರ ಮೇಲೆ ಗಾಡಿ ಹೋಯಿತು, ಮುಳುಗಲಿಲ್ಲ, ಕಪ್ಪೆ ಕಮಲದೆಲೆಯ ಮೇಲೆ ಕೂತ ಹಾಗೆ ನಿಂತಿತು. ಮೊದಲ ಸಲ ಎಳೆದಾಗ ಗಾಲಿ ತಿರುಗಿದ್ದೇ ತಿರುಗಿದ್ದು, ಕೆಸರು ನಮ್ಮೆಲ್ಲರ ಮುಖಕ್ಕೆ, ಚಾಂದಿ ಕದಲಲಿಲ್ಲ, ಯಾರೋ ಜೋರ ಹಾಕು, ಜೋರ ಹಾಕು ಎಂದರು, ಅವಳು ಅದಕ್ಕೆ ಕಿವಿ ಕೊಡದೆ ಇಳಿದು ಗಾಲಿಯ ಕೆಳಗೆ ಕೈಯಿಂದಲೇ ರವದಿ ತುರುಕಿದಳು, ಮತ್ತೆ ಹತ್ತಿದಳು, ಕೂರಲಿಲ್ಲ, ನಿಂತಳು, ಮೈಭಾರವನ್ನೆಲ್ಲ ಮುಂದಕ್ಕೆ ಹಾಕಿ. ಆಗ ನಾನು ಕಂಡದ್ದು ಅವಳ ಕಾಲು, ಬರಿಗಾಲು, ಬೆರಳುಗಳು ಆ ಕಾಲಿಡುವ ಪಟ್ಟಿಯನ್ನು ಗಿಡದ ಬೇರು ಬಂಡೆಯನ್ನು ಹಿಡಿಯುವಂತೆ ಕಚ್ಚಿಹಿಡಿದಿದ್ದವು, ಕಾಲುಂಗುರ ಕೆಸರಿನಲ್ಲಿ ಹೂತಿತ್ತು, ಬೇರೆ ಏನನ್ನೂ ನೋಡಲಾಗಲಿಲ್ಲ ನನಗೆ, ಎಮ್ಮೆಯನ್ನೂ ಅಲ್ಲ, ಅವಳ ಮುಖವನ್ನೂ ಅಲ್ಲ, ಆ ಪಾದ — ಗಾಡಿ ನಡುಗಿದರೂ ಅದು ನಡುಗಲಿಲ್ಲ. ಒಂದು ಗೇಣು, ಇನ್ನೊಂದು ಗೇಣು, ನಿಲ್ಲಿಸುವಳು, ಚಾಂದಿ ಉಸಿರು ತೆಗೆದುಕೊಳ್ಳಲಿ ಎಂದು ಕಾಯುವಳು, ಮಾಳಸಿದ್ದ ಕೆಸರು ಸಡಿಲಾಗಲೆಂದು ಎಮ್ಮೆಯ ಕಾಲಿನ ಸುತ್ತ ನೀರು ಹೊಯ್ಯುವನು, ಮತ್ತೆ ಒಂದು ಗೇಣು. ಕೊನೆಗೆ ಕೆಸರು ಗಳಕ್ಕೆಂದು ಬಾಯಿ ಬಿಟ್ಟಿತು, ಎಮ್ಮೆ ಹಲಗೆಯ ಮೇಲೆ ಜಾರಿ ಗಟ್ಟಿ ನೆಲಕ್ಕೆ ಬಂತು, ಎಲ್ಲರೂ ಇದ್ದಲ್ಲೇ ಕುಸಿದು ಕೂತರು, ಇವಳು ಗಾಡಿ ಬಂದುಮಾಡಿ ಜುಬೇದಾಳ ಕಡೆ ನೋಡಿ, ಚಿಗವ್ವಾ, ಬಿಸಿನೀರು ಕಾಸ್ರಿ ಎಂದಳು, ಅಷ್ಟೇ.

ಹ್ಯಾಂಡಲಿನ ಬಲಗಡೆಯ ಹಿಡಿ, ಇದೇನಿದು, ಮಣ್ಣು ಹೋಯಿತು, ಕೆಳಗಿನ ಕಂದು ಹೋಗುತ್ತಿಲ್ಲ, ರಬ್ಬರಿನ ಗೀರುಗಳೊಳಗೆ ಇಳಿದು ಒಣಗಿದೆ, ಎಣ್ಣೆಯಲ್ಲ, ಕಬ್ಬಿನ ಹಾಲಲ್ಲ, ಬೆರಳು ಒದ್ದೆ ಮಾಡಿ ತಿಕ್ಕಿದರೆ ಕೆಂಪಗೆ ಕರಗುತ್ತದೆ — ರಕ್ತ. ಎರಡನೇ ಎಳೆತಕ್ಕೆ ಪಟ್ಟಿ ಜಾರಿದಾಗ ಹಿಂದೆ ಬಾಗಿ ಅಂಗೈಯಿಂದ ಹಿಡಿದಿದ್ದಳು, ಆಗಲೇ ಇರಬೇಕು, ಆ ಕೈಯಿಂದಲೇ ಆಮೇಲೆ ಅಷ್ಟೂ ಹೊತ್ತು ಹಿಡಿ ತಿರುವಿದಳೇ, ನಿನ್ನೆ ನಾನು ಕೊಟ್ಟಿಗೆಗೆ ಬುತ್ತಿ ಒಯ್ದಾಗ ಇನ್ನೊಂದು ರೊಟ್ಟಿ ಹಾಕಲೇ ಎಂದದ್ದಕ್ಕೆ ಸೆರಗಿನಲ್ಲಿ ಕೈ ಮುಚ್ಚಿಕೊಂಡೇ ಸಾಕ್ರಿ ಎಂದಳು, ಚಳಿ ಇರಬೇಕು ಎಂದುಕೊಂಡೆ ನಾನು. ತಣ್ಣೀರೇ ಆಗಬೇಕು ರಕ್ತಕ್ಕೆ, ಬಿಸಿನೀರು ಹಾಕಿದರೆ ಕೂತುಬಿಡುತ್ತದೆ, ಹಳೆಯ ಹಲ್ಲುಜ್ಜುವ ಬ್ರಶ್ಶು ತಂದು ಒಂದೊಂದೇ ಗೀರನ್ನು ಉಜ್ಜುತ್ತೇನೆ, ಮೆಲ್ಲಗೆ, ಇವಳ ಅಂಗೈಯೇ ಕೈಯಲ್ಲಿದ್ದ ಹಾಗೆ. ಬೆಳಿಗ್ಗೆ ಅಮೋಲ ಫೋನು ಮಾಡಿದ್ದ, ನಿನ್ನೆ ದಂಡೆಯಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ಅಲ್ಲಿಯವರೆಗೂ ಹೋಗಿದೆಯಂತೆ, ಅವ್ವ, ಅದು ನಮ್ಮ ರೂಪಾಲಿ ಹೌದಲ್ಲ ಎಂದ, ಹೌದು ಎಂದೆ, ಗಾಡಿಯ ಸ್ಥಿತಿ ಹೇಗಿದೆ ಎಂದು ಕೇಳುತ್ತಾನೆ ಎಂದು ಕಾದೆ, ಕೇಳಲಿಲ್ಲ, ನನಗ ಆಗ್ತಿರಲಿಲ್ಲ ಬೇ ಅದು ಎಂದ. ನನ್ನ ಮಗ ಒಳ್ಳೆಯವನು ಎಂದು ನನಗೆ ಗೊತ್ತಿತ್ತು, ಇಷ್ಟು ಒಳ್ಳೆಯವನು ಎಂದು ಗೊತ್ತಿರಲಿಲ್ಲ.

ಕೊಟ್ಟಿಗೆಯ ಕಡೆ ಸದ್ದು ಎದ್ದಿತು, ಪೈಪು ಕೈಯಿಂದ ಬಿತ್ತು, ಜುಬೇದಾ ಕೂಗಿದ್ದೋ ಅತ್ತದ್ದೋ, ಆಮೇಲೆ ಏನೂ ಇಲ್ಲ, ಕೇಳಬೇಕೆಂದಿದ್ದ ಕಿವಿಯೇ ಈಗ ಬೇಡವೆನ್ನುತ್ತದೆ, ಹಾದಿಯಲ್ಲಿ ರೂಪಾಲಿ ಬರುತ್ತಿದ್ದಾಳೆ, ನಿಧಾನವಾಗಿ, ಮುಖದಿಂದ ಏನೂ ಓದಲಾಗುವುದಿಲ್ಲ, ಅವಳ ಮುಖ ಯಾವತ್ತು ಓದಲಾಗಿತ್ತು, ಹತ್ತಿರ ಬಂದಳು, ತೊಳೆದ ಗಾಡಿ ನೋಡಿದಳು, ನನ್ನ ಒದ್ದೆ ಸೀರೆ ನೋಡಿದಳು.

ಎದ್ದ ನಿಂತೈತ್ರಿ ಅತ್ಯಾರ, ಕಲಗಚ್ಚು ಕುಡ್ಯಾಕತ್ತೈತಿ.

ಕೈ ತೋರಸು ಎಂದೆ, ತೋರಿಸಿದಳು, ಅರಿಸಿನ ಮೆತ್ತಿತ್ತು, ಜುಬೇದಾ ನನಗಿಂತ ಮೊದಲೇ ಕಂಡಿದ್ದಳು. ಕೈಗೆ ಕಟ್ಟಲು ಅರಿವೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಗಾಡಿಯ ಸೀಟಿನ ಮೇಲೆ ಕೂತು ಹ್ಯಾಂಡಲಿಗೆ ತಲೆಯಾನಿಸಿ ನಿದ್ದೆ ಹೋಗಿಬಿಟ್ಟಿದ್ದಾಳೆ, ಬಾಯಿ ತುಸು ತೆರೆದು, ಚಿಕ್ಕ ಹುಡುಗಿಯ ಹಾಗೆ, ಪೈಪಿನ ನೀರು ಅಂಗಳದಲ್ಲಿ ಹರಿದುಹೋಗುತ್ತಿದೆ, ನಿಲ್ಲಿಸಬೇಕು, ಗಾಡಿ ಕೆಂಪಗೆ ಹೊಳೆಯುತ್ತಿದೆ, ಅಮೋಲ ಬಂದರೆ ಗುರುತೇ ಹಿಡಿಯುವುದಿಲ್ಲ, ನೀರು ನಿಲ್ಲಿಸಬೇಕು, ನಾನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ ಆ ಕಾಲಿಡುವ ಪಟ್ಟಿಯ ಮೇಲೆ ಅವಳ ಪಾದ, ಕೊಟ್ಟಿಗೆಯ ಸಗಣಿ, ನಿನ್ನೆಯ ಕೆಸರು, ಒಣಗಿ ಬಿರಿದು, ಬೆರಳುಗಳು ನಿದ್ದೆಯಲ್ಲೂ ಹಿಡಿದುಕೊಂಡೇ ಇವೆ — ಆ ಪಾದ, ಕಾಲುಂಗುರದ ಸುತ್ತ ಕೆಸರು, ಆ ಪಾದ