ಉಪ್ಪು ಕರಗಿದ ಮೇಲೆ

ಹದಿಮೂರು ವರ್ಷಗಳ ಪಾನನಿಷೇಧವು ಫಿನ್ಲೆಂಡಿನಲ್ಲಿ ರದ್ದಾಗಿ, ಏಪ್ರಿಲ್ ಐದರ ಬೆಳಗ್ಗೆ ಹತ್ತಕ್ಕೆ ನಮ್ಮ ಬಂದರೂರಿನ ಸರ್ಕಾರಿ ಮದ್ಯದಂಗಡಿ ತೆರೆಯಿತು. ಜನರ ಸಾಲು ನನ್ನ ಚರ್ಚಿನ ಬೇಲಿಯವರೆಗೂ ಬೆಳೆದಿತ್ತು.

"ಪಾದ್ರಿಗಳೇ, ನೀವೂ ನಿಂತ್ಕೊಳ್ಳಿ! ನಮ್ಮ ಪಾಪ ಎಲ್ಲಾ ಹತ್ತು ಗಂಟೆಗೇ ಪರಿಹಾರ ಆಗೋಯ್ತು!" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು. ನನ್ನ ಪಾಪವು ಗಂಟೆ ನೋಡಿ ಕಳೆಯುವಂಥದಾಗಿರಲಿಲ್ಲ.

ಐದು ವರ್ಷಗಳ ಹಿಂದೆ ಮೀನುಗಾರ ಏವರ್ಟನು ಕಳ್ಳಸಾಗಣೆಯ ಮದ್ಯದ ಡಬ್ಬಿಗಳಿಗೆ ಉಪ್ಪಿನ ಚೀಲ ಕಟ್ಟಿ ಕಡಲಲ್ಲಿ ಮುಳುಗಿಸಿಡುತ್ತಿದ್ದ. ಉಪ್ಪು ಕರಗಿದೊಡನೆ ಡಬ್ಬಿಗಳು ತಾವೇ ಮೇಲೇಳುತ್ತಿದ್ದವು; ಆತ ಹೋಗಿ ಎತ್ತಿ ತರುತ್ತಿದ್ದ. ಗಂಟೆಗೋಪುರದಿಂದ ನಾನದನ್ನು ಕಂಡೆ. ಕೆಲವು ತಿಂಗಳ ಸೆರೆವಾಸವು ಅವನ ಆತ್ಮವನ್ನು ಉಳಿಸೀತೆಂದು ನಂಬಿ, ಸ್ಥಳವನ್ನು ಸೂಚಿಸಿ ಕರಾವಳಿ ಕಾವಲಿನವರಿಗೆ ಹೆಸರಿಲ್ಲದ ಪತ್ರ ಬರೆದೆ. ಅವರು ಬೆನ್ನಟ್ಟಿದಾಗ ಅವನ ದೋಣಿ ಮಗುಚಿತು. ಅಂದು ತೇಲಿದ್ದು ಡಬ್ಬಿಗಳು ಮಾತ್ರ; ಅವನ ಹೆಣ ಆಮೇಲೆ ದಡ ಸೇರಿತು.

ಅಂಗಡಿ ತೆರೆದ ದಿನ ಮಧ್ಯಾಹ್ನ ಅವನ ವಿಧವೆ ಸೈಮಿ ಬಂದಳು. ಕೈಯಲ್ಲಿ ಮೊಹರು ಒಡೆಯದ ಶೀಷೆ.

"ನನ್ನ ತಮ್ಮ ಆರ್ವೊ ಹತ್ರ ನೀವೇ ಹೋಗ್ಬೇಕು ಪಾದ್ರಿಗಳೇ. ಉಪ್ಪು ತಂದ್ಕೊಡ್ತಿದ್ದೋನು ಅವನೊಬ್ನೇ, ಸುಳಿವು ಕೊಟ್ಟೋನೂ ಅವನೇ ಅಂತ ಐದು ವರ್ಷದಿಂದ ಹೊಸಿಲು ತುಳಿಯೋಕೆ ಬಿಟ್ಟಿಲ್ಲ. ಕಾನೂನೇ ಹೋದ್ಮೇಲೆ ನಂದೇನು ಹಟ? ಅಕ್ಕ ಕ್ಷಮಿಸಿದ್ದಾಳೆ ಅಂತ ಹೇಳಿ ಇದನ್ನ ಕೊಡಿ."

ಆ ಕ್ಷಮೆಯನ್ನು ಒಯ್ದು ತಲುಪಿಸುವುದು ಎಷ್ಟು ಸುಲಭವಾಗಿತ್ತು! ಅಕ್ಕ ತಮ್ಮ ಒಂದಾಗುತ್ತಿದ್ದರು, ನಾನು ಸಂಧಾನಕಾರನೆನಿಸುತ್ತಿದ್ದೆ. ಅದಕ್ಕೊಪ್ಪುವ ವೇದವಾಕ್ಯವೂ ಸಿದ್ಧವಿತ್ತು. ಆದರೆ ನಾನು ಶೀಷೆಗೆ ಕೈಚಾಚಲಿಲ್ಲ.

"ಅವನಲ್ಲಮ್ಮ," ಎಂದೆ. "ಪತ್ರ ಬರೆದೋನು ನಾನು."

ಅವಳು ಶೀಷೆಯನ್ನು ಹಿಂದಕ್ಕೆಳೆದುಕೊಂಡಳು.

"ಹೆಣದ ಮುಂದೆ ನೀವು ಅತ್ತಿದ್ರಿ. ನಾನೇ ನಿಮ್ಗೆ ಕಾಫಿ ಕೊಟ್ಟು ಸಮಾಧಾನ ಮಾಡಿದ್ದೆ."

"ಹೌದು."

"ಆರ್ವೊ ಹಿಂದಿನ ಬೆಂಚಲ್ಲಿ ಒಬ್ನೇ ಕೂತಿರೋದು ಕಣ್ಣಿಗೆ ಬೀಳ್ಲಿಲ್ವಾ?"

"ಪ್ರತಿ ಭಾನುವಾರ ಬಿತ್ತು."

ಅವಳು ತಲೆವಸ್ತ್ರವನ್ನು ಬಿಗಿದುಕೊಂಡಳು. "ಹಾಗಾದ್ರೆ ಕ್ಷಮೆ ಕೇಳ್ಬೇಕಾದೋಳು ನಾನು. ನಿಮ್ಮ ವಿಷಯ ಆಮೇಲೆ. ಬನ್ನಿ, ಮುಂದೆ ನೀವೇ ನಡೀರಿ. ಶೀಷೆ ಹಿಡ್ಕೊಳ್ಳಿ."

ಮುಚ್ಚಿಡುವ ಅಭ್ಯಾಸಬಲದಿಂದ ನಾನದನ್ನು ನಿಲುವಂಗಿಯೊಳಗೆ ಸೇರಿಸಹೊರಟೆ.

"ಊಹೂಂ, ಎಲ್ಲರಿಗೂ ಕಾಣೋ ಹಾಗೆ. ಇವತ್ತಿಂದ ಬಚ್ಚಿಡೋಂಥದ್ದು ಏನಿದೆ?"

ಸಾಲು ಇನ್ನೂ ಚದುರಿರಲಿಲ್ಲ. ಶೀಷೆ ಹಿಡಿದ ಪಾದ್ರಿಯನ್ನು ಕಂಡು ನಗು ಬೇಲಿಯುದ್ದಕ್ಕೂ ಹರಡಿತು. ನಾನು ತಲೆ ಎತ್ತಿಕೊಂಡೇ ನಡೆಯಬೇಕಾಯಿತು, ಏಕೆಂದರೆ ಬೆನ್ನ ಹಿಂದೆ ಸೈಮಿಯ ಹೆಜ್ಜೆಯ ಸಪ್ಪಳವಿತ್ತು. ಆರ್ವೊನ ಬಾಗಿಲನ್ನು ತಟ್ಟಿದವನು ನಾನೇ.